ಮಳೆಯಲ್ಲಿ ಸೇತುವೆಗೆ ನೀರು ಹಾಕಿದ್ದು

ನಾನು ಚಿಕ್ಕವಳಿದ್ದಾಗ ನಮ್ಮೂರ ಹೊಳೆಗೆ ಒಂದು ಸೇತುವೆ ಆಗಿತ್ತು, ಆದರೆ ಅದರ ಮೇಲೆ ಕಾಲಿಡಲು ಯಾರಿಗೂ ಅಪ್ಪಣೆ ಇರಲಿಲ್ಲ. ಸೇತುವೆ ಮುರಿದಿರಲಿಲ್ಲ, ಕೆಲಸ ಅರ್ಧಕ್ಕೆ ನಿಂತಿರಲಿಲ್ಲ. ಪೂರ್ತಿ ಮುಗಿದು, ಬೆಳ್ಳಗೆ ಹೊಳೆಯುತ್ತ, ಈ ದಂಡೆಯಿಂದ ಆ ದಂಡೆಗೆ ನೆಟ್ಟಗೆ ನಿಂತಿತ್ತು. ಜನ ಮಾತ್ರ ಅದರ ಕೆಳಗೆ ಹರಿಗೋಲಿನಲ್ಲಿ ಮುದುಡಿ ಕೂತು, ಕತ್ತೆತ್ತಿ ಅದನ್ನು ನೋಡುತ್ತ ಹೊಳೆ ದಾಟುತ್ತಿದ್ದರು. ಕೇಳಿದರೆ ನಿಮಗೆ ನಗು ಬರುತ್ತದೆ. ನಗಿ ಮಕ್ಕಳೇ, ನಗಿ. ನನಗೆ ಮಾತ್ರ ಇಷ್ಟು ವರ್ಷವಾದರೂ ನೆನೆದಾಗಲೆಲ್ಲ ಮೈ ಉರಿಯುತ್ತದೆ.

ನಮ್ಮೂರು ಹಾನಗಲ್ಲಿನಿಂದ ಹಿರೇಕೆರೂರಿಗೆ ಹೋಗುವ ದಾರಿಯಲ್ಲಿ, ವರದಾ ಹೊಳೆಯ ದಂಡೆಯ ಮೇಲಿತ್ತು. ಬೇಸಿಗೆಯಲ್ಲಿ ಗಾಡಿಗಳು ಮರಳಿಗೆ ಇಳಿದು, ಮೊಣಕಾಲುದ್ದದ ನೀರಿನಲ್ಲಿ ಹಾಯ್ದು ಆಚೆ ಹತ್ತುತ್ತಿದ್ದವು. ಮಳೆಗಾಲ ಬಂತೆಂದರೆ ಹೊಳೆ ಕೆಂಪು ನೀರು ತುಂಬಿಕೊಂಡು ಎರಡೂ ದಂಡೆ ಸವರಿ ಹರಿಯುತ್ತಿತ್ತು. ಆಗ ಹರಿಗೋಲೊಂದೇ ಗತಿ. ಆಚೆ ದಂಡೆಯವರು ಅಕ್ಕಿಆಲೂರಿನ ಸಂತೆಗೆ ಬರಬೇಕಾದರೂ ಹರಿಗೋಲಿನವನನ್ನೇ ಕಾಯಬೇಕು. ಹಾಗಾಗಿ ಸೇತುವೆ ಕಟ್ಟುತ್ತಾರಂತೆ ಎಂಬ ಸುದ್ದಿ ಬಂದಾಗ ಊರಿಗೆ ಊರೇ ಹಿಗ್ಗಿತು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಸಿಮೆಂಟು ಎಂಬುದನ್ನು ನಮ್ಮ ಜನ ಕಂಡೇ ಇರಲಿಲ್ಲ. ಚೀಲ ಬಿಚ್ಚಿದರೆ ಒಳಗೆ ಬೂದಿಯಂಥ ಪುಡಿ. ನೀರು, ಉಸುಕು, ಜಲ್ಲಿ ಕೂಡಿಸಿ ಕಲಸಿ ಸುರಿದರೆ ಬೆಳಗಾಗುವಷ್ಟರಲ್ಲಿ ಕಲ್ಲು! ಆ ಬೂದಿ ಯಾವ ಒಲೆಯದಿರಬಹುದೆಂದು ಮುದುಕಿಯರು ಮಾತಾಡಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಚೆಂದವಾಗಿದ್ದುದು ಸೇತುವೆಯ ಕಮಾನುಗಳು. ಬೇರೆ ಸೇತುವೆಗಳ ಕಮಾನು ಕೆಳಗಿರುತ್ತವೆ. ನಮ್ಮದರ ಕಮಾನುಗಳು ಮೇಲಿದ್ದವು. ರಸ್ತೆಯ ಎರಡೂ ಬದಿಗೆ ಮೂರು ಮೂರು, ಬಾಗಿಸಿದ ಬಿಲ್ಲಿನ ಹಾಗೆ. ಎರಡು ಹರದಾರಿ ದೂರದ ಹೊಲದಲ್ಲಿ ನಿಂತರೂ ಆ ಮೂರು ಬಿಲ್ಲು ಕಾಣುತ್ತಿದ್ದವು. ಜನ ಅದಕ್ಕೆ ಕಮಾನಿನ ಪೂಲು ಎಂದು ಹೆಸರಿಟ್ಟರು. ಪೂಲು ಎಂದರೆ ನಮ್ಮ ಕಡೆಯ ಮಾತಿನಲ್ಲಿ ಸೇತುವೆ.

ಅಪ್ಪ ಗೌಂಡಿ. ಅಲ್ಲಿಯ ತನಕ ಮನೆ, ಬಾವಿ, ಕಟ್ಟೆ ಕಟ್ಟಿದ್ದವನು ಈ ಹೊಸ ಕೆಲಸವನ್ನು ನೋಡಿ ನೋಡಿಯೇ ಕಲಿತ. ಕಮಾನಿನ ಒಳಗೆ ಹಾಕುವ ಕಬ್ಬಿಣದ ಸಳಿ ಬಗ್ಗಿಸಿ ಕಟ್ಟಲು ಸವಣೂರಿನಿಂದ ಒಬ್ಬರು ಬಂದಿದ್ದರು. ಅವರನ್ನು ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದೆವು. ಅವರಿಬ್ಬರೂ ಜೋಡಿ ಎತ್ತಿನಂತೆ ದುಡಿದರು. ಜಲ್ಲಿ, ಉಸುಕು, ಕಲಸಿದ ಗಾರೆ ಎಲ್ಲವನ್ನೂ ತಲೆಯ ಮೇಲೆ ಹೊತ್ತವರು ನಮ್ಮೂರ ಹೆಂಗಸರು. ಅವ್ವನೂ ಅವರಲ್ಲಿ ಒಬ್ಬಳು. ಸಂಜೆ ಮನೆಗೆ ಬಂದು ಅವ್ವ ನೆತ್ತಿಗೆ ಹರಳೆಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ನಾನು ಹಚ್ಚುತ್ತಿದ್ದೆ. ಬುಟ್ಟಿ ಕೂತು ಕೂತು ನೆತ್ತಿಯ ನಡುವೆ ಕೂದಲೇ ಉದುರಿ, ಅಲ್ಲಿ ಕೈಗೆ ನುಣ್ಣಗೆ ಹತ್ತುತ್ತಿತ್ತು.

ಸಿಮೆಂಟಿನದೊಂದು ಗುಣವಿದೆ. ಅದನ್ನು ಸುರಿದು ಬಿಟ್ಟರೆ ಆಗದು. ಹಸಿ ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕು. ದಿನವೂ ನೀರು ಕುಡಿಸಬೇಕು, ಒಣಗಲು ಬಿಟ್ಟರೆ ಬಿರಿಯುತ್ತದೆ. ಅದಕ್ಕೆಂದೇ ಹತ್ತು ಹೆಂಗಸರನ್ನು ಇಟ್ಟಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವರು ಹೊಳೆಯಿಂದ ಕೊಡ ತುಂಬಿಕೊಂಡು ಸಾಲಾಗಿ ಹೋಗಿ, ಈ ತುದಿಯಿಂದ ಆ ತುದಿಯ ತನಕ ನೀರು ಹಾಕಿ ಬರುತ್ತಿದ್ದರು. ಅವ್ವ ಸಾಲಿನ ಮುಂದೆ. ನಾನು ಒಂದು ಚಿಕ್ಕ ಬಿಂದಿಗೆ ಹಿಡಿದು ಸಾಲಿನ ಹಿಂದೆ. ನನ್ನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಸೇತುವೆಯ ಮೇಲೆ ಹೋಗುವ ಆಸೆ, ಅಷ್ಟೆ.

ಚೈತ್ರ ಮುಗಿಯುವಷ್ಟರಲ್ಲಿ ಎಲ್ಲ ಕೆಲಸವೂ ಮುಗಿಯಿತು. ಆಗ ಶುರುವಾಯಿತು ನೋಡಿ ಅನ್ಯಾಯ. ಜಿಲ್ಲೆಯ ದೊಡ್ಡ ಬಿಳಿ ಸಾಹೇಬರು ಬಂದು ರಿಬ್ಬನ್ ಕತ್ತರಿಸಬೇಕಂತೆ. ಅಲ್ಲಿಯ ತನಕ ಅದರ ಮೇಲೆ ಒಂದು ಕಾಲು, ಒಂದು ಗೊರಸು, ಒಂದು ಗಾಲಿ ಹಾಯಬಾರದಂತೆ. ಮೊಟ್ಟಮೊದಲು ಹಾಯುವುದು ಸಾಹೇಬರ ಮೋಟಾರೇ ಆಗಬೇಕಂತೆ. ಕೆಲಸ ನೋಡಿಕೊಳ್ಳುತ್ತಿದ್ದ ಓವರ್ಸಿಯರ್ ಎರಡೂ ತುದಿಗೆ ಹಗ್ಗ ಕಟ್ಟಿಸಿದ. ಈಚೆ ತುದಿಯ ಹಗ್ಗ ಕಾಯಲು ಅಪ್ಪನನ್ನು ನಿಲ್ಲಿಸಿದ, ಆಚೆ ತುದಿಗೆ ಚಾಚಾನನ್ನು. ಯಾಕೆಂದರೆ ಇಬ್ಬರೂ ಮಾತಿಗೆ ತಪ್ಪುವವರಲ್ಲ ಎಂದು ಅವನಿಗೆ ಗೊತ್ತಿತ್ತು. "ನೀರು ಹಾಕೋ ಹೆಂಗಸರನ್ನ ಬಿಟ್ಟು ಯಾರನ್ನೂ ಬಿಡೂದಿಲ್ಲರಿ" ಎಂದು ಅಪ್ಪ ಅವನ ಮುಂದೆ ಮಾತು ಕೊಟ್ಟ. ಕಟ್ಟಿದವನ ಕೈಯಲ್ಲೇ ತಡೆಯುವ ಹಗ್ಗ ಕೊಟ್ಟರು. ಇದಕ್ಕಿಂತ ಚೇಷ್ಟೆ ಬೇಕೆ?

ಸಾಹೇಬರು ವೈಶಾಖದಲ್ಲಿ ಬರುತ್ತೇವೆಂದರು. ಬರಲಿಲ್ಲ, ಶಿಕಾರಿಗೆ ಹೋದರಂತೆ. ಜ್ಯೇಷ್ಠದಲ್ಲಿ ಎಂದರು. ಮೇಮ್‌ಸಾಹೇಬರಿಗೆ ಸೆಕೆ ತಡೆಯಲಾಗದೆ ತಣ್ಣನೆಯ ಊರಿಗೆ ಹೋದರಂತೆ. ಪ್ರತಿ ಸಲವೂ ತೋರಣ ಕಟ್ಟುವುದು, ಮಾವಿನೆಲೆ ಬಾಡುವುದು, ಬಿಚ್ಚಿ ಬಿಸಾಡುವುದು. ಮುಂದಿನ ವಾರ ಎನ್ನುತ್ತ ಎನ್ನುತ್ತ ಮಳೆಗಾಲವೇ ಬಂತು.

ಈಗ ಅಕ್ಕನ ವಿಷಯ ಹೇಳುತ್ತೇನೆ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಹೊಳೆಯ ಆಚೆ, ಹಂಸಭಾವಿಯ ಕಡೆ ಒಂದು ಊರಿಗೆ ಅವಳನ್ನು ಕೊಟ್ಟಿತ್ತು. ಆ ವರ್ಷ ಅವಳು ಮೊದಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮ ಪದ್ಧತಿ. ಏಳನೆಯ ತಿಂಗಳಲ್ಲೇ ಕರೆತರಬೇಕಿತ್ತು. ಆಗಿನ್ನೂ ಹೊಳೆಯಲ್ಲಿ ನೀರೂ ಕಡಿಮೆಯಿತ್ತು, ಗಾಡಿ ಹಾಯುತ್ತಿತ್ತು. ಅವ್ವ ಗಾಡಿ ಹೂಡು ಎಂದು ದಿನಾ ಗಂಟು ಬಿದ್ದಳು. ತಪ್ಪು ಮಾಡಿದವನು ಅಪ್ಪ.

"ಒಂದ್ ಎಂಟು ದಿನ ತಡಿ. ಪೂಲ್ ತೆರೀತಾರ. ನನ್ನ ಮಗಳು ಕೆಸರಾಗ ಕುಲುಕಾಡಿಕೋತ ಯಾಕ ಬರಬೇಕು? ನಾ ಕಟ್ಟಿದ ಪೂಲ್ ಮ್ಯಾಲೆ, ಗಾಡ್ಯಾಗ ಕುಂತು, ರಾಣಿ ಹಂಗ ಬರಲಿ" ಎಂದ.

ಪಾಪ, ಅವನ ಆಸೆಯೂ ದೊಡ್ಡದೇನಲ್ಲ. ಆದರೆ ಸಾಹೇಬರ ಎಂಟು ದಿನ ಅಂದರೆ ಎಷ್ಟು ದಿನ ಎಂಬುದು ಗೌಂಡಿಗೆ ಹೇಗೆ ಗೊತ್ತಾಗಬೇಕು? ಏಳು ಹೋಗಿ ಎಂಟಾಯಿತು, ಎಂಟು ಹೋಗಿ ಒಂಬತ್ತಾಯಿತು. ಹೊಳೆ ತುಂಬಿತು. ಆ ಕಡೆಯ ಊರಿನಲ್ಲಿ ಸೂಲಗಿತ್ತಿ ಹಾಸಿಗೆ ಹಿಡಿದಿದ್ದಳು, ಅತ್ತೆಯೂ ಇರಲಿಲ್ಲ. ಕೊನೆಗೆ ಭಾವನೇ ತಡೆಯಲಾರದೆ ಅಕ್ಕನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೊರಟುಬಿಟ್ಟ.

ಆ ದಿನ ನನಗೆ ನಿನ್ನೆ ಮೊನ್ನೆಯಂತಿದೆ. ಬೆಳಗಿನಿಂದಲೇ ಮಳೆ ಹಿಡಿದಿತ್ತು. ಬಿರುಸಿನ ಮಳೆಯಲ್ಲ, ಬಿಡದ ಮಳೆ. ಹೊಳೆಯ ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಬುಡಸಮೇತ ಕಿತ್ತ ಜಾಲಿಮರಗಳನ್ನು ಹೊತ್ತು ತರುತ್ತಿತ್ತು. ನಾನು ಅಪ್ಪನಿಗೆ ರೊಟ್ಟಿ ಕೊಡಲು ಹಗ್ಗದ ಹತ್ತಿರ ಹೋಗಿದ್ದೆ. ಆಚೆ ದಂಡೆಯಲ್ಲಿ ಒಂದು ಗಾಡಿ ಬಂದು ನಿಂತಿತು. ಗಾಡಿಯಿಂದ ಹಸಿರು ಸೀರೆಯ ಒಬ್ಬ ಹೆಂಗಸು ನಿಧಾನವಾಗಿ ಇಳಿದು, ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಂತಳು. ಆ ನಿಲುವನ್ನು ಕಂಡದ್ದೇ ನಾನು "ಅಕ್ಕಾ!" ಎಂದು ಕೂಗಿದೆ. ಹೊಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಬುಟ್ಟಿಗೆ ಇಟ್ಟ.

ಹರಿಗೋಲಿನವನು ಆಗಲೇ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದ್ದ. ಅಪ್ಪ ಓಡಿಹೋಗಿ ಕೇಳಿದ. ಅವನು ಕೈ ಮುಗಿದುಬಿಟ್ಟ. "ಎರಡು ಜೀವದಾಕೀನ ಇಂಥ ನೀರಾಗ ನಾ ಹೆಂಗ ಕೂಡಿಸಿಕೊಳ್ಳಲಿ? ಹೋದ ವಾರ ಹರಿಗೋಲು ಬುಗುರಿ ತಿರುಗಿದಂಗ ತಿರುಗಿತು. ಆ ಪಾಪ ನನಗ ಬ್ಯಾಡೋ ಮಾರಾಯಾ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ಸರಿ. ಆದರೆ ಅವನು ಅದನ್ನು ಹೇಳುವಾಗ ಅವನ ತಲೆಯ ಮೇಲೆ, ಹೊಳೆಯ ಒಂದು ಹನಿ ನೀರೂ ಮುಟ್ಟದ ಎತ್ತರದಲ್ಲಿ, ಎರಡು ಗಾಡಿ ಒಟ್ಟಿಗೆ ಹೋಗುವಷ್ಟು ಅಗಲದ ಸೇತುವೆ ಖಾಲಿ ಬಿದ್ದಿತ್ತು!

ಅಪ್ಪ ಓವರ್ಸಿಯರನ ಡೇರೆಗೆ ಹೋದ. ನಾನೂ ಹಿಂದೆಯೇ ಹೋದೆ. ಒಳಗೆ ಅವನು ಚಹಾ ಕುಡಿಯುತ್ತಿದ್ದ. ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಪ್ಪನ ಬರಿ ತಲೆಯನ್ನು ಹೊರಗಿನವರ ಮುಂದೆ ನಾನು ಕಂಡದ್ದು ಅದೇ ಮೊದಲು. 

"ಸಾಹೇಬ್ರ, ಮಗಳು ಆಚಿ ದಂಡ್ಯಾಗ ಅದಾಳ್ರಿ. ತುಂಬಿದ ದಿನ ಅದಾವ್ರಿ. ಗಾಡಿ ಬ್ಯಾಡ್ರಿ, ಬರೇ ನಡಕೋತ ಬರ್ತಾಳ್ರಿ. ಒಂದ ಸಲ ಹಗ್ಗ ಬಿಚ್ಚಾಕ ಹೇಳ್ರಿ."

"ಇಷ್ಟು ದಿನ ಕಾದೀರಿ, ಇನ್ನೊಂದು ವಾರ ಕಾಯ್ರಿ" ಎಂದ ಅವನು, ಬಟ್ಟಲು ಕೆಳಗಿಡದೆ. "ಸಾಹೇಬ್ರಿಗಿಂತ ಮದಲ ಯಾರೋ ಹಾದ್ರಂತ ಸುದ್ದಿ ಹೋದ್ರ ನನ್ನ ನೌಕರಿ ಉಳಿಯೂದಿಲ್ಲ. ನಿನ್ನ ಮಗಳೇನು ಗೌರ್ನರ್ ಸಾಹೇಬ್ರ ಹೇಂತಿಯೇನು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಬಲಿತ ಸಿಮೆಂಟಿನ ಮೇಲೆ ಹೆಣ್ಣುಮಗಳ ಅಂಗಾಲಿನ ಗುರುತು ಬೀಳುವುದಿಲ್ಲ ಎಂದು ಅಪ್ಪನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಅಪ್ಪ ರುಮಾಲು ಸುತ್ತಿಕೊಂಡ. ಬಂದು ಹಗ್ಗದ ಪಕ್ಕದ ಕಲ್ಲಿನ ಮೇಲೆ ಕೂತ. ಮಾತು ಕೊಟ್ಟೇನಿ, ಮಾತು ಕೊಟ್ಟೇನಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ನನಗೆ ಅಪ್ಪನ ಮೇಲೆಯೇ ಸಿಟ್ಟು ಬಂತು. ಹಗ್ಗವೆಂದರೆ ಎಷ್ಟು ದಪ್ಪ? ನನ್ನ ಕಿರುಬೆರಳಿನಷ್ಟು! ಅದನ್ನು ಎತ್ತಿ ಹಿಡಿದರೆ ಎಮ್ಮೆಯೂ ದಾಟೀತು. ಒಂದು ಕಿರುಬೆರಳಿನ ಹಗ್ಗಕ್ಕೆ ನಮ್ಮಪ್ಪ ಹೆದರಿದ ಎಂದು ಅಳು ಬಂತು. ದೊಡ್ಡವಳಾದ ಮೇಲೆ ತಿಳಿಯಿತು, ಅವನು ಹೆದರಿದ್ದಲ್ಲ. ಬಡವನ ಹತ್ತಿರ ಇದ್ದ ಒಂದೇ ಒಡವೆಯೆಂದರೆ ಅವನ ಮಾತು. ಅದನ್ನು ಹೇಗೆ ಬಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ನಾನು ಮನೆಗೆ ಓಡಿ ಅವ್ವನಿಗೆ ಹೇಳಿದೆ. ಅವ್ವ ಅಳಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡಳು. "ಹೊಟ್ಟ್ಯಾಗಿನ ಕೂಸಿಗೆ ಆ ಸಾಹೇಬನ ತಾರೀಖು ಗೊತ್ತೈತೇನು?" ಎಂದಳು. ಆಮೇಲೆ ಕೊಡ ತೆಗೆದುಕೊಂಡಳು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ಮಳೆ ಶುರುವಾದ ದಿನವೇ ಹೆಂಗಸರು ಓವರ್ಸಿಯರನನ್ನು ಕೇಳಿದ್ದರು: ಮಳೆರಾಯನೇ ನೀರು ಹಾಕುತ್ತಿರುವಾಗ ನಾವು ಯಾಕೆ ಹಾಕಬೇಕು? ಸಿಮೆಂಟು ಬಲಿತು ಎಷ್ಟೋ ದಿನವಾಗಿದೆಯಲ್ಲ? ಅದಕ್ಕೆ ಅವನು, "ಸಾಹೇಬ್ರು ಬರೂತನಕ ಎರಡು ಹೊತ್ತು ನೀರು ಹಾಕಬೇಕಂತ ಹುಕುಂ ಐತಿ. ಹುಕುಮಿನಾಗ ಮಳಿ ಅಂತ ಬರದಿಲ್ಲ" ಎಂದಿದ್ದ. ಹಾಗಾಗಿ ನಮ್ಮೂರ ಹೆಂಗಸರು ಸುರಿಯುವ ಮಳೆಯಲ್ಲಿ, ತೋಯ್ದು ತೊಪ್ಪೆಯಾದ ಸೇತುವೆಗೆ, ತುಂಬಿದ ಹೊಳೆಯಿಂದ ನೀರು ಹೊತ್ತು ಹಾಕುತ್ತಿದ್ದರು. ಲೋಕದಲ್ಲಿ ಇಂಥ ಕೆಲಸ ಬೇರೆ ಯಾರೂ ಮಾಡಿರಲಿಕ್ಕಿಲ್ಲ. ಅವನ ಆ ಹುಕುಮನ್ನೇ ಅವ್ವ ಹಿಡಿದುಕೊಂಡಳು.

ಸಂಜೆಯ ಸರದಿಗೆ ಇನ್ನೂ ಹೊತ್ತಿತ್ತು. ಆದರೂ ಒಂಬತ್ತು ಮನೆಯ ಬಾಗಿಲಿಗೆ ಹೋಗಿ ಅವ್ವ ಉಳಿದ ಒಂಬತ್ತೂ ಹೆಂಗಸರನ್ನು ಕರೆದಳು. ಯಾಕೆ, ಏನು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಮಳೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡಿದ್ದರು. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ತಲೆಯ ಮೇಲೆ ಹಾಕಿಕೊಂಡರೆ ಮೊಣಕಾಲ ತನಕ ಮೈ ಮುಚ್ಚುತ್ತದೆ. ಹಾಗೆ ಹಾಕಿಕೊಂಡಾಗ ಮುದುಕಿ ಯಾರು, ಹುಡುಗಿ ಯಾರು ಎಂದು ಹೆತ್ತ ತಾಯಿಗೂ ಗುರುತು ಹತ್ತುವುದಿಲ್ಲ. ಅವ್ವ ಇನ್ನೊಂದು ಚೀಲವನ್ನು ಮಡಚಿ ನನ್ನ ಕೊಪ್ಪೆಯೊಳಗೆ ಇಟ್ಟಳು. ನನ್ನ ಚಿಕ್ಕ ಬಿಂದಿಗೆಯ ಬದಲು ಒಂದು ಖಾಲಿ ಕೊಡ ಕೊಟ್ಟಳು. "ಇದನ್ನ ಅಕ್ಕಗ ಕೊಡು. ಬಾಯಿ ಬಿಡಬ್ಯಾಡ" ಎಂದಳು.

ಹೆಂಗಸರು ಹೊಳೆಯಲ್ಲಿ ಕೊಡ ತುಂಬಿಕೊಂಡ ಮೇಲೆ ಹಗ್ಗದ ಹತ್ತಿರ ಬಂದೆವು. ಅಲ್ಲೊಂದು ಬಾನಿಯಿತ್ತು. ಸೇತುವೆ ಕೊಳೆಯಾಗಬಾರದೆಂದು ಹೆಂಗಸರು ಕಾಲು ತೊಳೆದೇ ಹತ್ತಬೇಕಿತ್ತು. ಅದೂ ಒಂದು ಹುಕುಂ. ಮಳೆಯಲ್ಲಿ ನಿಂತು ಎಲ್ಲರೂ ಒಬ್ಬೊಬ್ಬರಾಗಿ ಕಾಲು ತೊಳೆದರು. ಅವ್ವ ಅಪ್ಪನ ಮುಖ ನೋಡಿ, "ನೀರು ಹಾಕಾಕ ಬಂದೇವಿ" ಎಂದಳು. ಅಪ್ಪ ಅವಳನ್ನು ನೋಡಿದ, ನನ್ನ ತಲೆಯ ಮೇಲಿನ ದೊಡ್ಡ ಕೊಡ ನೋಡಿದ. ಆಮೇಲೆ ಹಗ್ಗ ಎತ್ತಿ ಹಿಡಿದು, ಮುಖವನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡ.

ಕಮಾನುಗಳ ಕೆಳಗೆ ಹೋಗುವಾಗ ಮಳೆಯ ಸದ್ದೇ ಬೇರೆಯಾಗುತ್ತಿತ್ತು. ಕಮಾನಿನ ಮೇಲೆ ಬಿದ್ದ ನೀರು ಒಟ್ಟಾಗಿ ಜಾರಿ ನಮ್ಮ ಬೆನ್ನಿನ ಮೇಲೆ ಬೀಳುತ್ತಿತ್ತು. ಅಂಗಾಲಿಗೆ ಸೇತುವೆ ತಣ್ಣಗೆ, ನುಣ್ಣಗೆ ಹತ್ತುತ್ತಿತ್ತು. ಹೋಗುವಾಗ ಯಾರೂ ಕೊಡ ಬಗ್ಗಿಸಲಿಲ್ಲ. ಆಚೆ ತುದಿಯಲ್ಲಿ ಚಾಚಾ ನಿಂತಿದ್ದರು. ಅವರು ಆಗಲೇ ಅಕ್ಕನನ್ನು ತಮ್ಮ ಜೋಪಡಿಯಲ್ಲಿ ಕೂಡಿಸಿ, ತಮ್ಮ ಕಂಬಳಿ ಹೊದಿಸಿದ್ದರು. ನಾನು ಚೀಲ ಕೊಟ್ಟೆ, ಕೊಡ ಕೊಟ್ಟೆ. ಅಕ್ಕ ಒಂದು ಸಲ ಭಾವನ ಮುಖ ನೋಡಿ, ಕೊಪ್ಪೆ ಹಾಕಿಕೊಂಡು ಎದ್ದಳು. ಭಾವ ಬರುವಂತಿರಲಿಲ್ಲ, ಗಂಡಸರು ನೀರು ಹಾಕುವುದಿಲ್ಲವಲ್ಲ. ಚಾಚಾ ಹಗ್ಗ ಎತ್ತಿದರು.

"ಹನ್ನೊಂದು ಮಂದಿ ಬಂದ್ರಿ, ಹನ್ನೆರಡು ಮಂದಿ ಹೊಂಟೀರಿ" ಎಂದರು ಗಡ್ಡದೊಳಗೇ ನಗುತ್ತ. "ಹೋಗ್ರಿ ಹೋಗ್ರಿ. ನನಗ ಎಣಿಸಾಕ ಬರೂದಿಲ್ಲ. ಹುಷಾರ್ ಬೇಟಿ, ನಿದಾನಕ ನಡಿ."

ನಡುವಿನ ಕಮಾನಿನ ತನಕ ಎಲ್ಲ ಸರಿಯಾಗಿತ್ತು. ಅಲ್ಲಿ ಅಕ್ಕ ನಿಂತುಬಿಟ್ಟಳು. ಕೊಡ ಕೆಳಗಿಟ್ಟು, ಕಮಾನಿಗೆ ಒರಗಿ, ಹಾಗೆಯೇ ಜಾರಿ ಕೂತಳು. ಅವಳ ಹಸಿರು ಬಳೆಗಳು ಸಿಮೆಂಟಿಗೆ ತಾಗಿ ಸದ್ದಾಯಿತು. ಮುಖ ಬೆಳ್ಳಗಾಗಿತ್ತು. "ಅವ್ವಾ, ಕಾಲು ಬರವಲ್ವು" ಎಂದಳು. ಕೆಳಗೆ ಹೊಳೆ ಮೊರೆಯುತ್ತಿತ್ತು. ಈಚೆ ದಂಡೆಯಲ್ಲಿ ಡೇರೆಯ ಬಾಗಿಲು ಸರಿಯಿತು, ಓವರ್ಸಿಯರ್ ಕರಿ ಕೊಡೆ ಬಿಚ್ಚಿಕೊಂಡು ಹೊರಗೆ ಬಂದು ನಿಂತ.

"ಯಾಕ ನಿಂತೀರಿ ಅಲ್ಲೆ?" ಎಂದು ಅವನು ಕೂಗಿದ.

ಹೆಂಗಸರೆಲ್ಲ ಅಕ್ಕನ ಸುತ್ತ ಕೂಡಿದರು. ಅವ್ವ ಒಂದು ಕೊಡ ಎತ್ತಿ, ಅಕ್ಕನ ಪಕ್ಕದ ಸಿಮೆಂಟಿನ ಮೇಲೆ ಬಗ್ಗಿಸಿದಳು. ಸುತ್ತ ಪಾದ ಮುಳುಗುವಷ್ಟು ನೀರು ನಿಂತಿತ್ತು. ಅವ್ವ ಡೇರೆಯ ಕಡೆ ತಿರುಗಿ, ತನ್ನ ಜೀವಮಾನದಲ್ಲೇ ಯಾವತ್ತೂ ಕೂಗದಷ್ಟು ದೊಡ್ಡ ದನಿಯಲ್ಲಿ ಕೂಗಿದಳು:

"ಇಲ್ಲೆ ಒಣಗೇತ್ರಿ, ಸಾಹೇಬ್ರ!"

ಅವನು ಏನು ತಿಳಿದುಕೊಂಡನೋ ಕಾಣೆ. ಒಣಗಿದೆ ಎಂದರೆ ನೀರು ಹಾಕಬೇಕು. ಅದು ಅವನದೇ ಹುಕುಂ. "ಹೂಂ, ಚೊಲೋತ್ನಂಗ ಹಾಕ್ರಿ ಮತ್ತ" ಎಂದು ಒಳಗೆ ಹೋದ. ಹೆಂಗಸರು ಸಾವಕಾಶವಾಗಿ, ಒಂದೊಂದೇ ಕೊಡ ಬಗ್ಗಿಸಿದರು. ಅಷ್ಟರಲ್ಲಿ ಅಕ್ಕನಿಗೆ ಉಸಿರು ಬಂತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಮಳೆಯಲ್ಲಿ ಎರಡೂ ಒಂದೇ. ಇಬ್ಬರು ಅವಳ ತೋಳಿಗೆ ತೋಳು ಕೊಟ್ಟರು. ಸಾಲು ಮತ್ತೆ ಹೊರಟಿತು.

ಈಚೆ ತುದಿಯಲ್ಲಿ ಅಪ್ಪ ಹಗ್ಗ ಎತ್ತಿ ಹಿಡಿದಿದ್ದ. ಒಬ್ಬೊಬ್ಬರೇ ಬಗ್ಗಿ ದಾಟಿದರು. ಅಕ್ಕನಿಗೆ ಬಗ್ಗಲು ಆಗುತ್ತಿರಲಿಲ್ಲ. ಅಪ್ಪ ಹಗ್ಗವನ್ನು ತನ್ನ ತಲೆಗಿಂತ ಮೇಲಕ್ಕೆ ಎತ್ತಿದ. ಅವಳು ನೆಟ್ಟಗೆ ನಡೆದು ಬಂದಳು. ಅಪ್ಪ ಅವಳನ್ನು ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಗಾಡಿಯಲ್ಲಿ ರಾಣಿಯ ಹಾಗೆ ಬರಬೇಕಾಗಿದ್ದ ಮಗಳು ಗೋಣಿಚೀಲ ಹೊದ್ದು, ಕಳ್ಳಿಯ ಹಾಗೆ ಅವನ ಸೇತುವೆ ದಾಟಿದಳು.

ಮೂರನೆಯ ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ಕೂಸು, ತಾಯಿ ಇಬ್ಬರೂ ಸುಖವಾಗಿದ್ದರು. ಹುಟ್ಟುವ ಮೊದಲೇ ಪೂಲು ದಾಟಿದ ಕೂಸೆಂದು ಹೆಂಗಸರು ಅದನ್ನು ಪೂಲವ್ವ ಎಂದು ಕರೆದರು. ಓವರ್ಸಿಯರನ ಮುಂದೆ ಯಾರೂ ಬಾಯಿ ಬಿಡಲಿಲ್ಲ. ಇಡೀ ಊರಿಗೆ ಗೊತ್ತಿದ್ದ ಸುದ್ದಿ ಅವನೊಬ್ಬನಿಗೆ ಗೊತ್ತಾಗಲಿಲ್ಲ.

ದೊಡ್ಡ ಸಾಹೇಬರು ಬಂದದ್ದು ಮಹಾನವಮಿ ಕಳೆದ ಮೇಲೆ. ಹೊಳೆ ಇಳಿದು, ಬಿಸಿಲು ಬಿದ್ದು, ದಾರಿಯ ಕೆಸರು ಒಣಗಿದ ಮೇಲೆ, ಆರಾಮಾಗಿ. ನಮ್ಮನ್ನೆಲ್ಲ ಬಿದಿರ ಗಳದ ಹಿಂದೆ ನಿಲ್ಲಿಸಿದ್ದರು. ಕಟ್ಟಿದ ಅಪ್ಪ ಗಳದ ಹಿಂದೆ, ಸಳಿ ಬಗ್ಗಿಸಿದ ಚಾಚಾ ಗಳದ ಹಿಂದೆ, ಹೊತ್ತ ಹೆಂಗಸರು ಇನ್ನೂ ಹಿಂದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಸೇತುವೆಯ ತುದಿಯ ಗೋಡೆಯಲ್ಲಿ ಒಂದು ನುಣುಪಾದ ಕಲ್ಲು ಕೂರಿಸಿದ್ದರು. ನಾನು ಎರಡನೆಯ ಇಯತ್ತೆ ಓದುತ್ತಿದ್ದೆ, ಕನ್ನಡ ಅಕ್ಷರ ಕೂಡಿಸಿ ಓದಿದೆ. ಸಾಹೇಬರ ಹೆಸರಿತ್ತು. ಓವರ್ಸಿಯರನ ಹೆಸರೂ ಇತ್ತು, ಚಿಕ್ಕ ಅಕ್ಷರದಲ್ಲಿ. ಎರಡು ಸಲ ಓದಿದೆ. ಅಪ್ಪನ ಹೆಸರು ಇರಲಿಲ್ಲ.

ಸಾಹೇಬರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಓವರ್ಸಿಯರ್ ಕನ್ನಡದಲ್ಲಿ ಭಾಷಣ ಮಾಡಿದ. "ಈ ಸೇತುವೆಯ ಮೇಲೆ ಇದುವರೆಗೂ ಒಂದು ನರಪಿಳ್ಳೆಯೂ ಹಾದಿಲ್ಲ. ಇಂದು ಸಾಹೇಬರ ಪಾದದಿಂದ ಇದು ಪಾವನವಾಗುತ್ತಿದೆ" ಎಂದ. ನನ್ನ ಪಕ್ಕದಲ್ಲೇ ಅಕ್ಕ ಪೂಲವ್ವನನ್ನು ಎತ್ತಿಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. "ಸುಳ್ಳು! ನಮ್ಮಕ್ಕ..." ಎಂದು ಕೂಗಿದೆ. ಅಷ್ಟೇ. ಅಪ್ಪನ ಕೈ ಬಂದು ನನ್ನ ಬಾಯಿ ಮುಚ್ಚಿತು. ಸಿಮೆಂಟು ತಿಂದು ಬಿರಿದ ದೊರಗು ಕೈ. ತುಟಿಗೆ ಚುಚ್ಚುತ್ತಿತ್ತು. ಸಾಹೇಬರ ಮೋಟಾರು ಸೇತುವೆಯ ಆಚೆ ತುದಿ ಮುಟ್ಟುವ ತನಕ ಆ ಕೈ ಸರಿಯಲಿಲ್ಲ.

ಆಮೇಲೆ ಸೇತುವೆ ಎಲ್ಲರದೂ ಆಯಿತು. ದಾರಿ ಹೇಳಬೇಕಾದರೆ ಕಮಾನಿನ ಪೂಲಿನಿಂದ ಎಡಕ್ಕೆ, ಬಲಕ್ಕೆ ಎಂದು ಹೇಳುವುದೇ ರೂಢಿಯಾಯಿತು. ಹೆಂಗಸರು ಅದರ ಕಟ್ಟೆಯ ಮೇಲೆ ಸಂಡಿಗೆ ಒಣಗಿಸಿದರು, ಹುಡುಗರು ಕಮಾನು ಹತ್ತಿ ಜಾರಿ ಚಡ್ಡಿ ಹರಿದುಕೊಂಡರು, ಸಂತೆಯ ಎಮ್ಮೆಗಳು ನಡುವೆಯೇ ಸೆಗಣಿ ಹಾಕಿದವು. ಸಾಹೇಬರ ಪಾದ ಎಲ್ಲಿ ಬಿದ್ದಿತ್ತೆಂದು ಯಾರೂ ಹುಡುಕಲಿಲ್ಲ. ಅಕ್ಕ ಕೂತ ಜಾಗ ಮಾತ್ರ ನನಗೆ ಇವತ್ತಿಗೂ ಗೊತ್ತು. ನಡುವಿನ ಕಮಾನು, ಎಡಗಡೆ.

ಇದನ್ನೆಲ್ಲ ಈಗ ಯಾಕೆ ಹೇಳಿದೆ ಎಂದರೆ, ಮೊನ್ನೆ ನೀವು ಹೇಳಿದ ಮಾತಿಗೆ. ನಿಮ್ಮ ಕಾಲ ಬಹಳ ಮುಂದೆ ಹೋಗಿದೆ. ಸಾಹೇಬರು ಹಡಗು ಹತ್ತಿ ಹೋದರು. ಹೆರಿಗೆಗೆ ಆಸ್ಪತ್ರೆಯಿದೆ, ಕರೆದರೆ ಮನೆ ಬಾಗಿಲಿಗೆ ಗಾಡಿ ಬರುತ್ತದೆ, ಹರಿಗೋಲನ್ನು ನೀವು ಚಿತ್ರದಲ್ಲಿ ನೋಡಿದ್ದೀರಿ. ಹಳೆಯ ಸೇತುವೆ ಸೊರಗಿದೆ ಎಂದು ಅದರ ಮೇಲೆ ಗಾಡಿ ಬಿಡುವುದನ್ನು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಹೊಸದು ಕಟ್ಟಿದ್ದಾರೆ, ಅದರ ಎರಡಷ್ಟು ಅಗಲ. ಕೆಲಸ ಮುಗಿದು ತಿಂಗಳುಗಳೇ ಆದವು. ನಿಮ್ಮ ಶಾಲೆಯ ಬಸ್ಸು ಮಾತ್ರ ಇನ್ನೂ ಸುತ್ತು ಹಾಕಿಕೊಂಡೇ ಹೋಗುತ್ತದೆ, ಆಸ್ಪತ್ರೆಯ ಗಾಡಿಯೂ. ಯಾಕೆ ಎಂದು ಕೇಳಿದರೆ, "ಅಜ್ಜಿ, ಮಂತ್ರಿಗಳ ತಾರೀಖು ಸಿ‌ಕ್ಕಿಲ್ಲ. ಉದ್ಘಾಟನೆ ಆಗದೆ ಹೋಗಬಾರದು" ಎಂದಿರಿ. ಎಷ್ಟು ಸಹಜವಾಗಿ ಹೇಳಿದಿರಿ! ಮಳೆ ಬಂದರೆ ನೆನೆಯುತ್ತೇವೆ ಎನ್ನುವಷ್ಟು ಸಹಜವಾಗಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಗ್ಗದ ಬದಲು ಕೆಂಪು ಬಿಳಿ ಪಟ್ಟಿಯಂತೆ. ಅಷ್ಟೇ ಬದಲಾದದ್ದು.

ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಅವನ ಕೈ ಈಗ ನನ್ನ ಬಾಯಿಯ ಮೇಲಿಲ್ಲ. ನಾಳೆ ಭಾನುವಾರ, ನಿಮಗೆ ಶಾಲೆಯಿಲ್ಲ. ನನ್ನನ್ನು ಆ ಹೊಸ ಸೇತುವೆಯ ತನಕ ಕರೆದುಕೊಂಡು ಹೋಗಿ. ಕೋಲು ಹಿಡಿದು ನಿಧಾನವಾಗಿ ನಡೆಯುತ್ತೇನೆ. ನೀವು ಒಂದೊಂದು ತಂಬಿಗೆ ನೀರು ತನ್ನಿ. ಪಟ್ಟಿಯ ಹತ್ತಿರ ನಿಂತವರು ಯಾಕಮ್ಮ ಬಂದೆ ಎಂದು ಕೇಳಿದರೆ ನೀವು ಯಾರೂ ಮಾತಾಡಬೇಡಿ. ನಾನೇ ಹೇಳುತ್ತೇನೆ:

"ಇಲ್ಲೆ ಒಣಗೇತ್ರಿ, ಸಾಹೇಬ್ರ."